ತೀರ್ಥಹಳ್ಳಿ ಮನೆ ಸರ್ವರ್: ಬ್ಯಾಕಪ್ ಯಾವ ದಾರಿಯಲ್ಲಿ ಕಳಿಸೋದು
ಮೂರು ವಾರದಿಂದ ಶನಿವಾರ ಭಾನುವಾರ ಎಲ್ಲಾ ಬ್ಯಾಕಪ್‌ಗೇ ಹೋಗಿದೆ. ಇಎಸ್‌ಎಕ್ಸ್‌ಐ ಅನ್ನೋ, ಒಂದೇ ಮೆಷಿನ್ನಲ್ಲಿ ಹಲವು ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರ್ ಮೇಲೆ ನಾಲ್ಕು ವಿಎಂ (ವರ್ಚುವಲ್ ಕಂಪ್ಯೂಟರ್), ಒಟ್ಟು 400 ಜಿಬಿ, ಅದರಲ್ಲಿ ಒಂದ್ರಲ್ಲಿ ಅಪ್ಪನ ಹತ್ತು ವರ್ಷದ ಅಡಿಕೆ ಲೆಕ್ಕ ಇದೆ, ಅಡಿಕೆ ಗೊನೆ ಕೊಯ್ಲಿನ ಕೂಲಿ, ಮಂಡಿಗೆ ಹಾಕಿದ್ದು, ಅಡಿಕೆ ದರ್ಜೆಗಳಲ್ಲಿ ಸರಕು ಎಷ್ಟು ಬೆಟ್ಟೆ ಎಷ್ಟು ರಾಶಿ ಎಷ್ಟು ಅಂತ ಎಲ್ಲಾ. ಹೋದ್ರೆ ಮತ್ತೆ ಬರೆಯೋಕಾಗಲ್ಲ. ಫ್ರೀ ಲೈಸೆನ್ಸಲ್ಲಿ ಬ್ಯಾಕಪ್ ಎಪಿಐ (ಬ್ಯಾಕಪ್ ಸಾಫ್ಟ್‌ವೇರ್ ವಿಎಂ ಡಿಸ್ಕ್ ಮುಟ್ಟೋಕೆ ಬೇಕಾದ ದಾರಿ) ಸಿಗಲ್ಲ, ಹಾಗಾಗಿ 60 ದಿನದ ಟ್ರಯಲ್ ಮೇಲೆ ಓಡಿಸ್ತಿದೀನಿ, ಮುಗಿಯೋದ್ರೊಳಗೆ ಲೈಸೆನ್ಸ್ ವಿಷಯ ನೋಡ್ಬೇಕು.

ವಿಎಂ ಡಿಸ್ಕ್ ಓದಿ ಬ್ಯಾಕಪ್‌ಗೆ ಕಳಿಸೋ ದಾರಿಗಳಲ್ಲಿ ಸ್ಯಾನ್ ಮೋಡ್‌ಗೆ ಶೇರ್ಡ್ ಸ್ಟೋರೇಜ್ (ಹೋಸ್ಟೂ ಬ್ಯಾಕಪ್ ಮೆಷಿನ್ನೂ ಹಂಚ್ಕೊಳ್ಳೋ ಡಿಸ್ಕ್) ಬೇಕು, ನನ್ನ ಹತ್ರ ಇಲ್ಲ. ಉಳಿದಿದ್ದು ಎರಡು. ಎನ್‌ಬಿಡಿ ಅಂದ್ರೆ ಹೋಸ್ಟ್ (ವಿಎಂಗಳು ಓಡೋ ಮೆಷಿನ್) ತಾನೇ ಡಿಸ್ಕ್ ಓದಿ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಮೂಲಕ, 902 ಪೋರ್ಟಲ್ಲಿ, ಕಳಿಸತ್ತೆ. ಹಾಟ್‌ಆ್ಯಡ್ ಅಂದ್ರೆ ಅದೇ ಹೋಸ್ಟಲ್ಲಿರೋ ಪ್ರಾಕ್ಸಿ ವಿಎಂಗೆ (ಬ್ಯಾಕಪ್ ಕೆಲಸಕ್ಕೇ ಇಟ್ಟ ವಿಎಂ), ಸ್ನ್ಯಾಪ್‌ಶಾಟ್ ಮಾಡಿದ (ಆ ಕ್ಷಣದ ಸ್ಥಿತಿ ಹಿಡಿದಿಟ್ಟ) ಡಿಸ್ಕನ್ನ ಓಡ್ತಿರುವಾಗ್ಲೇ ಸಿಕ್ಕಿಸಿ ನೇರವಾಗಿ ಓದೋದು.

ಮೊದಲು ಎನ್‌ಬಿಡಿ ಹಾಕಿದೆ, ಸೆಕೆಂಡಿಗೆ 11 ಎಂಬಿ ಮೇಲೆ ಏರ್ಲೇ ಇಲ್ಲ, ಆ ಲೆಕ್ಕದಲ್ಲಿ ಪೂರ್ತಿ ಬ್ಯಾಕಪ್‌ಗೆ ಹತ್ತು ಗಂಟೆ. ಎರಡು ದಿನ ಸೆಟ್ಟಿಂಗ್ಸ್ ತಡಕಾಡಿ ಕೊನೆಗೆ ಸ್ವಿಚ್ ಮುಂದೆ ಕೂತು ನೋಡಿದ್ರೆ ಆ ಪೋರ್ಟಲ್ಲಿ ಗಿಗಾಬಿಟ್ ಲೈಟೇ ಉರೀತಿಲ್ಲ! ಟಾರ್ಚ್ ಹಿಡ್ಕೊಂಡು ಅಟ್ಟ ಹತ್ತಿದೆ. ಹಂಚಿನ ಕೆಳಗೆ, ಅಡಿಕೆ ಚೀಲದ ಪಕ್ಕದಲ್ಲಿ ಕೇಬಲ್ ಸಿಪ್ಪೆ ಹೋಗಿ ಕಂದು ಜೋಡಿ ತಂತಿ ಪೂರ್ತಿ ಕಟ್ ಆಗಿತ್ತು, ಇಲಿ ಕಡಿದಿದ್ದು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, ಎರಡು ಸರಿಯಿದ್ರೆ 100 ಎಂಬಿಪಿಎಸ್‌ಗೆ (ಅಂದ್ರೆ ಸೆಕೆಂಡಿಗೆ ಅದೇ 11-12 ಎಂಬಿ) ಇಳಿದು ಸುಮ್ನೆ ಓಡ್ತಾ ಇರತ್ತೆ, ಎರರ್ ಏನೂ ತೋರ್ಸಲ್ಲ. ಹೊಸ ಕೇಬಲ್ ಪಿವಿಸಿ ಪೈಪೊಳಗೆ ಎಳೆದ ಮೇಲೆ ಎನ್‌ಬಿಡಿ 75 ಎಂಬಿ ಮುಟ್ತು, ಹಾಟ್‌ಆ್ಯಡ್ 140. ಅಂದ್ರೆ ಒಂದೂವರೆ ಗಂಟೆ, ಮುಕ್ಕಾಲು ಗಂಟೆ.

ಹಾಗಾದ್ರೆ ಹಾಟ್‌ಆ್ಯಡೇ ಅಂತ ಖುಷಿಯಾಗಿ ರಾತ್ರಿ ಜಾಬ್ ಹಾಕ್ಬಿಟ್ಟೆ. ಆ ರಾತ್ರಿನೇ ಗುಡುಗು, ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಖಾಲಿಯಾಗಿ ಹೋಸ್ಟೂ ಆಫ್. ಬೆಳಿಗ್ಗೆ ನೋಡಿದ್ರೆ ಲೆಕ್ಕದ ವಿಎಂ ಡಿಸ್ಕ್ ಪ್ರಾಕ್ಸಿಗೇ ಅಂಟ್ಕೊಂಡಿದೆ, ಸ್ನ್ಯಾಪ್‌ಶಾಟ್ ಹಾಗೇ ಉಳಿದಿದೆ, ಕನ್ಸಾಲಿಡೇಟ್ (ಸ್ನ್ಯಾಪ್‌ಶಾಟನ್ನ ಅಸಲಿ ಡಿಸ್ಕಿಗೆ ಸೇರಿಸೋದು) ಮಾಡೋಕೆ ಹೋದ್ರೆ ಫೈಲ್ ಲಾಕ್ ಅನ್ನತ್ತೆ. ಪ್ರಾಕ್ಸಿಯಿಂದ ಡಿಸ್ಕ್ ತೆಗೀಬೇಕು, ಆದ್ರೆ ಅಲ್ಲೇ ಫೈಲನ್ನೂ ಡಿಲೀಟ್ ಮಾಡು ಅನ್ನೋ ಟಿಕ್ ಇರತ್ತೆ, ಅದನ್ನ ಹಾಕಿದ್ರೆ ಅಸಲಿ ಡಿಸ್ಕೇ ಹೋಗ್ಬಿಡತ್ತೆ. ದಯವಿಟ್ಟು ಎರಡು ಸಲ ನೋಡಿ. ನಂಗೆ ಕೈ ನಡುಗ್ತಿತ್ತು.

ಆಮೇಲೆ ಯೋಚ್ನೆ ಮಾಡಿದ್ರೆ ಸಿಬಿಟಿ (ಡಿಸ್ಕಲ್ಲಿ ಏನು ಬದಲಾಯ್ತು ಅಂತ ಲೆಕ್ಕ ಇಡೋ ವ್ಯವಸ್ಥೆ) ಆನ್ ಇದ್ರೆ ದಿನಕ್ಕೆ ಬದಲಾದ ಬ್ಲಾಕ್ ಮಾತ್ರ ಹೋಗತ್ತೆ, ನಂದು ಆರೇಳು ಜಿಬಿ, ಎನ್‌ಬಿಡಿಯಲ್ಲೇ ಎರಡು ನಿಮಿಷದೊಳಗೆ ಮುಗಿಯತ್ತೆ, ಹಾಟ್‌ಆ್ಯಡ್‌ಗೆ ಡಿಸ್ಕ್ ಸಿಕ್ಸೋಕೆ ಬಿಚ್ಚೋಕೇ ಹೆಚ್ಚುಕಮ್ಮಿ ಅಷ್ಟು ಹೊತ್ತು. ಹಾಗಾಗಿ ದಿನಾ ಎನ್‌ಬಿಡಿ, ಫುಲ್ ಬ್ಯಾಕಪ್ ಮಾತ್ರ ಹಾಟ್‌ಆ್ಯಡ್, ಅದೂ ಹಗಲಲ್ಲಿ ನಾನು ಮನೇಲಿದ್ದಾಗ. ಹೋಸ್ಟ್ ಹಾಗೆ ದಿಢೀರ್ ಆಫ್ ಆದ ಮೇಲೆ ಸಿಬಿಟಿ ಲೆಕ್ಕ ತಪ್ಪಿ ಮುಂದಿನ ಜಾಬ್ ಡಿಸ್ಕ್ ಪೂರ್ತಿ ಓದ್ತು, ಅದಕ್ಕೆ ಬ್ಯಾಟರಿ ಕಮ್ಮಿಯಾದ್ರೆ ವಿಎಂಗಳು ತಾವೇ ಶಟ್‌ಡೌನ್ ಆಗೋ ಹಾಗೂ ಮಾಡಿದೀನಿ.

ನಿನ್ನೆ ಲೆಕ್ಕದ ವಿಎಂನ ಬೇರೆ ಹೆಸರಲ್ಲಿ, ನೆಟ್‌ವರ್ಕ್ ತೆಗೆದು, ರಿಸ್ಟೋರ್ ಮಾಡಿ ಅಪ್ಪನ್ನ ಕೂರಿಸ್ದೆ. ಮೊನ್ನೆ ಬರೆದ ಗೊಬ್ಬರದ ಖರ್ಚಿನವರೆಗೂ ಒಂದೊಂದೇ ಸಾಲು ಬೆರಳಿಟ್ಟು ನೋಡಿ, ಎಲ್ಲಾ ಇದೆ ಮಾರಾಯ ಅಂದ್ರು.