ಮಾಜಿ ಸೈನಿಕರ ಪಿಂಚಣಿ, ಚಿಕಿತ್ಸೆ ಮತ್ತು ಸಂಸದೀಯ ಸಮಿತಿಯ ಎರಡನೆಯ ಪ್ರಶ್ನೆ

ಮಾಜಿ ಸೈನಿಕರ ಪಿಂಚಣಿಯ ಅಥವಾ ಚಿಕಿತ್ಸೆಯ ತೊಂದರೆಯ ಮಾತು ಬಂದಾಗ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಜನ ನೆನೆಯುವುದು ಸಂಸದರನ್ನು, ಸಚಿವರನ್ನು, ಅಲ್ಲಿಗೂ ಆಗದಿದ್ದರೆ ನ್ಯಾಯಾಲಯವನ್ನು. ಸಂಸತ್ತಿನ ಸಮಿತಿಯನ್ನು ನೆನೆಯುವವರು ಬಹಳ ಕಡಿಮೆ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಲೆ ನಾನು ಜಗಳೂರು, ಹೊನ್ನಾಳಿ, ಚಳ್ಳಕೆರೆ ಕಡೆಯ ಹವಾಲ್ದಾರರಿಗೂ ಸುಬೇದಾರರಿಗೂ ಅವರ ಮನೆಯವರಿಗೂ ಅರ್ಜಿ ಬರೆದುಕೊಡುತ್ತಾ ಬಂದಿದ್ದೇನೆ. ಈ ಕೆಲಸದಲ್ಲಿ ನನಗೆ ದೃಢವಾಗಿರುವ ಒಂದು ಅಭಿಪ್ರಾಯವನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ. ಸಮಿತಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಆದರೆ ಸರ್ಕಾರ ಕೊಟ್ಟ ಉತ್ತರವನ್ನು ಓದಿ, ಅದು ಸಾಲದಿದ್ದರೆ ಮತ್ತೆ ಕೇಳುವ ಅಧಿಕಾರ ಅದಕ್ಕಿದೆ. ಅದರ ನಿಜವಾದ ಬಲವಿರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು ನಮ್ಮ ಸಂಸತ್ತಿನಲ್ಲಿ 1993ರಲ್ಲಿ ಆರಂಭವಾದವು. ರಕ್ಷಣಾ ಸ್ಥಾಯಿ ಸಮಿತಿಯಲ್ಲಿ ಲೋಕಸಭೆಯ 21 ಮತ್ತು ರಾಜ್ಯಸಭೆಯ 10, ಒಟ್ಟು 31 ಸದಸ್ಯರಿರುತ್ತಾರೆ. ಸಚಿವರಾದವರು ಸದಸ್ಯರಾಗುವಂತಿಲ್ಲ. ರಕ್ಷಣಾ ಸಚಿವಾಲಯದಲ್ಲಿ 2004ರಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆ ರಚನೆಯಾದಂದಿನಿಂದ ಆ ಇಲಾಖೆಯ ಕಾರ್ಯದರ್ಶಿಗಳು ಪಿಂಚಣಿ, ಪುನರ್ವಸತಿ, ಆರೋಗ್ಯ ಈ ಮೂರರ ಬಗೆಗೂ ಸಮಿತಿಯ ಮುಂದೆ ಕುಳಿತು ಉತ್ತರಿಸಬೇಕು. ಸಭೆಗಳು ಗುಪ್ತವಾಗಿ ನಡೆಯುತ್ತವೆ, ವರದಿ ಮಾತ್ರ ಪ್ರಕಟವಾಗುತ್ತದೆ.

ಫೆಬ್ರುವರಿಯಲ್ಲಿ ಬಜೆಟ್ ಮಂಡನೆಯಾದ ನಂತರ ಸದನಕ್ಕೆ ಬಿಡುವು ಕೊಡುವುದೇ ಸಮಿತಿಗಳು ಅನುದಾನ ಬೇಡಿಕೆಗಳನ್ನು, ಎಂದರೆ ಸಚಿವಾಲಯಗಳು ವರ್ಷದ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಕೇಳುವ ಮೊತ್ತಗಳನ್ನು, ಪರಿಶೀಲಿಸಲಿ ಎಂದು. ರಕ್ಷಣಾ ಪಿಂಚಣಿಯದೇ ಒಂದು ಪ್ರತ್ಯೇಕ ಬೇಡಿಕೆ. 2025-26ನೆಯ ಸಾಲಿನಲ್ಲಿ ರಕ್ಷಣೆಗೆ ಮೀಸಲಿಟ್ಟ 6,81,210 ಕೋಟಿ ರೂಪಾಯಿಯಲ್ಲಿ 1,60,795 ಕೋಟಿ ಪಿಂಚಣಿಗೇ ಇತ್ತು. ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ, ಎಂದರೆ ನಮ್ಮವರ ಬಾಯಲ್ಲಿರುವ ಇಸಿಎಚ್‌ಎಸ್, ಅದಕ್ಕೆ 8,317 ಕೋಟಿ ನಿಗದಿಯಾಗಿತ್ತು. ಇಲಾಖೆ ಕೇಳಿದ್ದೆಷ್ಟು, ಹಣಕಾಸು ಸಚಿವಾಲಯ ಕೊಟ್ಟದ್ದೆಷ್ಟು, ಕಳೆದ ವರ್ಷ ಕೊಟ್ಟದ್ದರಲ್ಲಿ ಖರ್ಚಾದದ್ದೆಷ್ಟು ಎಂಬ ಮೂರು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೇ ಸಮಿತಿಯ ಮೊದಲ ಕೆಲಸ. ಇಸಿಎಚ್‌ಎಸ್ ವಿಷಯದಲ್ಲಿ ಇದು ಬರೀ ಲೆಕ್ಕದ ಮಾತಲ್ಲ. ಹಣ ಸಕಾಲಕ್ಕೆ ಬಾರದಿದ್ದರೆ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗಳ ಬಿಲ್ಲುಗಳು ಬಾಕಿ ಉಳಿಯುತ್ತವೆ. ಬಿಲ್ಲು ಬಾಕಿ ಉಳಿದ ಆಸ್ಪತ್ರೆ, ಯೋಜನೆಯದೇ ಆದ ಪಾಲಿಕ್ಲಿನಿಕ್‌ನಿಂದ ರೆಫರಲ್ ತಂದವರನ್ನು ನಗದುರಹಿತವಾಗಿ ಸೇರಿಸಿಕೊಳ್ಳಲು ಹಿಂಜರಿಯುತ್ತದೆ. ಕೊನೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಕಾದಿರುವ ಎಪ್ಪತ್ತು ದಾಟಿದ ಹವಾಲ್ದಾರರು ಮಗನ ಹತ್ತಿರ ಸಾಲ ಕೇಳಬೇಕಾಗುತ್ತದೆ. ದೆಹಲಿಯ ಒಂದು ಕೋಷ್ಟಕದ ಕೊರತೆ ನಮ್ಮ ಊರಿನ ಹಾಸಿಗೆಯ ಪಕ್ಕಕ್ಕೆ ಬಂದು ನಿಲ್ಲುವುದು ಹೀಗೆ.

ವರದಿಯನ್ನು ಸದನದಲ್ಲಿ ಮಂಡಿಸಿದಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಪತ್ರಿಕೆಗಳೂ ಅಂದೇ ಒಂದು ಸುದ್ದಿ ಮಾಡಿ ಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಆಮೇಲೆ ಬರುವ ಕ್ರಮ ಕೈಗೊಂಡ ವರದಿ. ಸಮಿತಿಯ ಪ್ರತಿ ಶಿಫಾರಸಿಗೂ ಸಚಿವಾಲಯ ಮೂರು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕು. ಆ ಉತ್ತರಗಳನ್ನು ಓದಿ ಸಮಿತಿ ಅವನ್ನು ವಿಂಗಡಿಸುತ್ತದೆ. ಮೊದಲ ಅಧ್ಯಾಯದಲ್ಲಿ ಸಮಿತಿಯ ಮಾತಿರುತ್ತದೆ. ಎರಡನೆಯದರಲ್ಲಿ ಸರ್ಕಾರ ಒಪ್ಪಿಕೊಂಡ ಶಿಫಾರಸುಗಳು, ಮೂರನೆಯದರಲ್ಲಿ ಸರ್ಕಾರದ ಸಮಜಾಯಿಷಿ ಕೇಳಿ ಸಮಿತಿಯೇ ಕೈಬಿಟ್ಟವು, ನಾಲ್ಕನೆಯದರಲ್ಲಿ ಉತ್ತರ ಒಪ್ಪಿಗೆಯಾಗದೆ ಸಮಿತಿ ಮತ್ತೆ ಒತ್ತಿ ಹೇಳಿದವು, ಐದನೆಯದರಲ್ಲಿ ಸರ್ಕಾರ ಇನ್ನೂ ಅಂತಿಮ ಉತ್ತರ ಕೊಡದಿರುವವು. ನಾನು ಯಾವಾಗಲೂ ನಾಲ್ಕು ಮತ್ತು ಐದನೆಯ ಅಧ್ಯಾಯಗಳನ್ನೇ ಮೊದಲು ಓದುತ್ತೇನೆ. ‘ವಿಷಯವು ಪರಿಶೀಲನೆಯಲ್ಲಿದೆ’ ಎಂಬ ಉತ್ತರ ತಾಲ್ಲೂಕು ಕಚೇರಿಯಲ್ಲಿ ಸಿಕ್ಕರೆ ನಾವು ಮನೆಗೆ ಬರುತ್ತೇವೆ. ಅದೇ ಉತ್ತರ ಸಮಿತಿಗೆ ಸಿಕ್ಕರೆ ಅದು ಐದನೆಯ ಅಧ್ಯಾಯದಲ್ಲಿ ಅಚ್ಚಾಗಿ, ಮುಂದಿನ ವರ್ಷ ಅದೇ ಕಾರ್ಯದರ್ಶಿಯ ಎದುರಿಗೆ ಬರುತ್ತದೆ. ಇದರ ಜೊತೆಗೆ, 2004ರಲ್ಲಿ ಬಂದ ಒಂದು ನಿರ್ದೇಶನದ ಪ್ರಕಾರ, ಶಿಫಾರಸುಗಳ ಜಾರಿ ಎಲ್ಲಿಯವರೆಗೆ ಬಂದಿದೆಯೆಂದು ಸಚಿವರು ಆರು ತಿಂಗಳಿಗೊಮ್ಮೆ ಸದನಕ್ಕೆ ಹೇಳಿಕೆ ಕೊಡಬೇಕು.

ಈ ಕ್ರಮ ಒಬ್ಬರ ಬದುಕಿಗೆ ಹೇಗೆ ತಾಗುತ್ತದೆ ಎಂಬುದಕ್ಕೆ ಒಂದು ಪ್ರಕರಣ ಹೇಳಬೇಕು. ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಸೈನಿಕರ ಪತ್ನಿಯೊಬ್ಬರಿಗೆ ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಬರಲಿಲ್ಲ. ಗಂಡನ ಸೇನಾ ದಾಖಲೆಯಾದ ಡಿಸ್ಚಾರ್ಜ್ ಬುಕ್ಕಿನಲ್ಲಿ ಅವರ ಹೆಸರಿನ ಕೊನೆಗೆ ‘ಅವ್ವ’ ಎಂದಿತ್ತು, ಆಧಾರ್‌ನಲ್ಲಿ ‘ಅಮ್ಮ’ ಎಂದಿತ್ತು. ಒಂದು ಕಚೇರಿ ಇನ್ನೊಂದಕ್ಕೆ ಕಳಿಸಿತು, ಅದು ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಿರಿ ಎಂದಿತು. “ಮೇಷ್ಟ್ರೇ, ಮೂವತ್ತು ವರ್ಷ ಸಂಸಾರ ಮಾಡಿದೋಳು ನಾನೇ ಅಂತ ಯಾರ ಹತ್ರ ಸಾಕ್ಷಿ ತರಲಿ?” ಎಂದು ಅವರು ಕೇಳಿದಾಗ, “ಬರೆಯೋಣ ಕಣವ್ವಾ, ಬಿಡೋದು ಬೇಡ” ಎಂದು ಹೇಳಿದೆ. ಪ್ರಮಾಣಪತ್ರ, ಪಂಚಾಯಿತಿಯ ದೃಢೀಕರಣ ಎಲ್ಲ ಸೇರಿಸಿ ಬರೆದೆವು, ಕೊನೆಗೆ ಬಂತು. ಆದರೆ ಅಷ್ಟರೊಳಗೆ ಆ ತಾಯಿ ಅನುಭವಿಸಿದ್ದಕ್ಕೆ ಪರಿಹಾರವಿಲ್ಲ.

ಇಂಥ ಒಂದು ಅರ್ಜಿಯನ್ನು ನೇರವಾಗಿ ಸ್ಥಾಯಿ ಸಮಿತಿಗೆ ಕಳಿಸಿದರೆ ಅದು ಬಗೆಹರಿಯುವುದಿಲ್ಲ. ದಿನನಿತ್ಯದ ಆಡಳಿತದ ವಿಷಯಗಳಿಗೆ ಈ ಸಮಿತಿಗಳು ಕೈಹಾಕಬಾರದೆಂದು ನಿಯಮವೇ ಇದೆ, ಅದು ಸರಿಯಾದ ನಿಯಮ. ಆದರೆ ಹೆಸರಿನ ವ್ಯತ್ಯಾಸವೊಂದರಿಂದಲೇ ದೇಶದಲ್ಲಿ ಎಷ್ಟು ಕುಟುಂಬ ಪಿಂಚಣಿಗಳು ನಿಂತಿವೆ, ಎಷ್ಟು ಕಾಲದಿಂದ ನಿಂತಿವೆ, ಯಾವ ಹಂತದಲ್ಲಿ ನಿಂತಿವೆ ಎಂದು ಸಮಿತಿ ಕೇಳಬಹುದು. ಪ್ರಯಾಗರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಯ ಮೂಲಕ ‘ಸ್ಪರ್ಶ್’ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಯಲ್ಲಿ ಲಕ್ಷಾಂತರ ಪಿಂಚಣಿದಾರರ ಕಡತಗಳು ಸೇರಿರುವಾಗ, ಆ ಲೆಕ್ಕ ತೆಗೆಯುವುದು ಕಷ್ಟವಲ್ಲ, ಕೇಳುವವರು ಬೇಕು. ಉತ್ತರದಲ್ಲಿ ಒಂದು ಸಂಖ್ಯೆ ಬಂದ ಮೇಲೆ ಮರುವರ್ಷ ಆ ಸಂಖ್ಯೆ ಇಳಿಯಿತೇ ಎಂದು ಕೇಳಬಹುದು. ಒಬ್ಬರ ತೊಂದರೆ ಎಲ್ಲರ ವಿಷಯವಾಗಿ ಬದಲಾಗುವ ಜಾಗ ಇದು.

ಸಮಿತಿಯ ಶಕ್ತಿ ಮತ್ತು ಮಿತಿ ಎರಡೂ ಒಟ್ಟಿಗೆ ಕಾಣುವುದು ಸಮಾನ ಶ್ರೇಣಿ, ಸಮಾನ ಪಿಂಚಣಿಯ ಇತಿಹಾಸದಲ್ಲಿ. ಆ ಕೆಲಸ ಮಾಡಿದ್ದು ರಕ್ಷಣಾ ಸ್ಥಾಯಿ ಸಮಿತಿಯೊಂದೇ ಅಲ್ಲ. ಮಾಜಿ ಸೈನಿಕರ ಅರ್ಜಿಯೊಂದನ್ನು ಕೈಗೆತ್ತಿಕೊಂಡದ್ದು ಭಗತ್ ಸಿಂಗ್ ಕೋಶ್ಯಾರಿಯವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ. ಒಂದೇ ಶ್ರೇಣಿಯಲ್ಲಿ ಒಂದೇ ಅವಧಿ ಸೇವೆ ಮಾಡಿದವರಿಗೆ, ಅವರು ಯಾವ ವರ್ಷ ನಿವೃತ್ತರಾಗಿದ್ದರೂ, ಒಂದೇ ಪಿಂಚಣಿ ಸಿಗಬೇಕೆಂಬುದು ಬೇಡಿಕೆ. ಹಣದ, ಆಡಳಿತದ, ಕಾನೂನಿನ ತೊಡಕುಗಳಿವೆ ಎಂದು ಅಧಿಕಾರಿಗಳು ವಾದಿಸಿದರು. ಸಮಿತಿ ಅವನ್ನು ಒಪ್ಪದೆ, 2011ರ ಡಿಸೆಂಬರ್‌ನಲ್ಲಿ ಮಂಡಿಸಿದ ತನ್ನ 142ನೆಯ ವರದಿಯಲ್ಲಿ ಬೇಡಿಕೆಯನ್ನು ಜಾರಿ ಮಾಡಬೇಕೆಂದು ಶಿಫಾರಸು ಮಾಡಿತು. ಅಲ್ಲಿಂದ ಮುಂದೆ ಆ ಬೇಡಿಕೆಗೆ ಸಂಸತ್ತಿನ ಮುದ್ರೆ ಬಿದ್ದಂತಾಯಿತು. ಚಳವಳಿಗಾರರು ಜಂತರ್ ಮಂತರ್‌ನಲ್ಲಿ ಕೂತಾಗಲೂ ಅವರ ಕೈಯಲ್ಲಿದ್ದ ವ್ಯಾಖ್ಯೆ ಆ ವರದಿಯದೇ. 2015ರ ನವೆಂಬರ್ 7ರಂದು ಆದೇಶ ಹೊರಟಿತು, 2014ರ ಜುಲೈ 1ರಿಂದ ಅನ್ವಯವಾಯಿತು.

ಆದರೆ ಆದೇಶದಲ್ಲಿ ಪಿಂಚಣಿಯ ಪರಿಷ್ಕರಣೆ ಐದು ವರ್ಷಕ್ಕೊಮ್ಮೆ ಎಂದಿತ್ತು. ನಡುವಿನ ವರ್ಷಗಳಲ್ಲಿ ಹಳಬರಿಗೂ ಹೊಸಬರಿಗೂ ಪಿಂಚಣಿ ಬೇರೆಯಾಗಬಹುದಾದ್ದರಿಂದ ಇದು ಕೋಶ್ಯಾರಿ ಸಮಿತಿಯ ವ್ಯಾಖ್ಯೆಗೆ ವಿರುದ್ಧವೆಂದು ಮಾಜಿ ಸೈನಿಕರು ಸುಪ್ರೀಂ ಕೋರ್ಟಿಗೆ ಹೋದರು. 2022ರ ಮಾರ್ಚ್ 16ರ ತೀರ್ಪು, ಸಂಸದೀಯ ಸಮಿತಿಯ ವರದಿಯನ್ನು ಸರ್ಕಾರದ ನೀತಿಯೆಂದು ಓದಲಾಗದು ಎಂದು ಹೇಳಿ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಜೊತೆಗೆ, 2019ರ ಜುಲೈ 1ರಿಂದ ಆಗಬೇಕಿದ್ದ ಪರಿಷ್ಕರಣೆಯನ್ನು ಮಾಡಿ ಬಾಕಿ ಕೊಡಬೇಕೆಂದೂ ಆದೇಶಿಸಿತು. ತೀರ್ಪು ಬಂದ ದಿನ ನಮ್ಮ ಸುಬೇದಾರ್ ಸಾಹೇಬರೊಬ್ಬರು, ಹಾಗಾದರೆ ಆ ಸಮಿತಿ ಇದ್ದು ಏನು ಪ್ರಯೋಜನ ಎಂದು ಬಹಳ ನೊಂದು ಕೇಳಿದರು. ಅವರ ನೋವು ನ್ಯಾಯವಾದದ್ದು. ಆದರೂ ಆ ವರದಿ ಇಲ್ಲದಿದ್ದರೆ 2015ರ ಆದೇಶ ಬರುತ್ತಿತ್ತೆಂದು ನಾನು ನಂಬುವುದಿಲ್ಲ. ಸಮಿತಿಯ ಮಾತಿಗೆ ಕಾನೂನಿನ ಬಲವಿಲ್ಲ ಎಂಬುದೇ, ಅದರ ಬೆನ್ನಿಗೆ ಜನ ನಿಲ್ಲಬೇಕಾದ ಕಾರಣ.

ಅಮೆರಿಕದಲ್ಲಿ ಈ ಕೆಲಸಕ್ಕೆಂದೇ ಬೇರೆ ಸಮಿತಿಗಳಿವೆ. ಅಲ್ಲಿನ ಪ್ರತಿನಿಧಿ ಸಭೆಯ ಮಾಜಿ ಸೈನಿಕರ ವ್ಯವಹಾರಗಳ ಸಮಿತಿ 1946ರ ಕಾಯ್ದೆಯಿಂದ ಬಂದದ್ದು. ಅದರ ವಿಚಾರಣೆಗಳು ಸಾಮಾನ್ಯವಾಗಿ ಬಹಿರಂಗವಾಗಿ ನಡೆಯುತ್ತವೆ. 2014ರಲ್ಲಿ ಫೀನಿಕ್ಸ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರೋಗಿಗಳ ಕಾಯುವ ಪಟ್ಟಿಯನ್ನು ಮುಚ್ಚಿಟ್ಟಿದ್ದರೆಂಬ ಆರೋಪ ಆ ಸಮಿತಿಯ ಮುಂದೆ ಬಂದು, ಅದು ದಾಖಲೆಗಳಿಗಾಗಿ ಸಮನ್ಸ್ ಹೊರಡಿಸಿ, ಮೇ ಕೊನೆಯಲ್ಲಿ ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಟ್ಟರು, ಆಗಸ್ಟ್‌ನಲ್ಲಿ ಹೊಸ ಕಾಯ್ದೆಯೇ ಬಂತು. ನಮ್ಮಲ್ಲಿ ವಿಮಾನ, ಜಲಾಂತರ್ಗಾಮಿ, ಗಡಿ ರಸ್ತೆ ಎಲ್ಲವನ್ನೂ ನೋಡುವ ಸಮಿತಿಯೇ ಮಾಜಿ ಸೈನಿಕರನ್ನೂ ನೋಡಬೇಕು. ಮಾಜಿ ಸೈನಿಕರ ವಿಷಯಕ್ಕೆಂದು ಒಂದು ಉಪಸಮಿತಿಯಾದರೂ ನಿರಂತರವಾಗಿ ಇರಬೇಕೆಂಬುದು ನನ್ನ ಆಗ್ರಹ.

ರಾಜ್ಯದ ಪಾಲನ್ನೂ ಮರೆಯಬಾರದು. ಜಿಲ್ಲಾ ಮಟ್ಟದ ಸೈನಿಕ ಕಲ್ಯಾಣ ಕಚೇರಿಗಳು ರಾಜ್ಯ ಸರ್ಕಾರದ ಆಡಳಿತದಲ್ಲಿವೆ, ಅವುಗಳ ವೆಚ್ಚವನ್ನು ಕೇಂದ್ರವೂ ರಾಜ್ಯವೂ 60:40ರ ಪ್ರಮಾಣದಲ್ಲಿ ಭರಿಸುತ್ತವೆ. ಹೀಗಾಗಿ ಅಲ್ಲಿನ ಖಾಲಿ ಹುದ್ದೆಯನ್ನೋ ನಿಧಾನವನ್ನೋ ದೆಹಲಿಯ ಸಮಿತಿಯ ಮುಂದಿಟ್ಟರೆ ಅದು ರಾಜ್ಯದ ವಿಷಯವೆಂಬ ಉತ್ತರ ಬರಬಹುದು. ಅದಕ್ಕೆ ನಮ್ಮ ವಿಧಾನಸಭೆಯ ಅರ್ಜಿಗಳ ಸಮಿತಿ ಮತ್ತು ಭರವಸೆಗಳ ಸಮಿತಿಗಳಿವೆ. ಸಚಿವರು ಸದನದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಎಂದಿದ್ದರೆ ಆ ಮಾತಿನ ಬೆನ್ನುಹತ್ತುವುದೇ ಭರವಸೆಗಳ ಸಮಿತಿಯ ಕೆಲಸ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಶಾಸಕರು ಇಂಥ ಪ್ರಶ್ನೆ ಕೇಳುವಂತೆ ಮಾಡುವುದು ದೆಹಲಿಗೆ ಹೋಗುವುದಕ್ಕಿಂತ ಸುಲಭ.

ಆದ್ದರಿಂದ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇದು. ಸಮಿತಿಗೆ ಮನವಿ ಬರೆಯುವಾಗ ಘೋಷಣೆಗಳನ್ನು ಬಿಟ್ಟು ಪ್ರಕರಣಗಳನ್ನು ಬರೆಯಿರಿ: ಅರ್ಜಿ ಕೊಟ್ಟ ದಿನ, ಕೊಟ್ಟ ಕಚೇರಿ, ಬಂದ ಉತ್ತರ, ಇಂದಿನ ಸ್ಥಿತಿ. ಒಂದೇ ಬಗೆಯ ಹತ್ತು ಪ್ರಕರಣಗಳನ್ನು ಒಟ್ಟಿಗೆ ಸೇರಿಸಿ. ಸಂಸತ್ತಿನ ಅರ್ಜಿಗಳ ಸಮಿತಿಗೆ ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವನ್ನು ಸಹಿ ಮಾಡಿ ಲಗತ್ತಿಸಬೇಕು. ನ್ಯಾಯಾಲಯದಲ್ಲಿ ನಡೆಯುತ್ತಿರುವ ವಿಷಯವನ್ನು ಅದರಲ್ಲಿ ಸೇರಿಸಬಾರದು. ಹಿಂದಿನ ಕ್ರಮ ಕೈಗೊಂಡ ವರದಿಯ ನಾಲ್ಕನೆಯ ಅಧ್ಯಾಯದಲ್ಲಿ ನಿಮ್ಮದೇ ತೊಂದರೆಯ ಶಿಫಾರಸು ಇದ್ದರೆ ಅದರ ಪುಟಸಂಖ್ಯೆ ಹಾಕಿ. ಅನುದಾನ ಬೇಡಿಕೆಗಳ ಪರಿಶೀಲನೆ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ನಡೆಯುವುದರಿಂದ, ಸ್ಥಾಯಿ ಸಮಿತಿಗೆ ಕಳಿಸುವ ಮನವಿ ಜನವರಿಯೊಳಗೆ ಲೋಕಸಭಾ ಸಚಿವಾಲಯಕ್ಕೆ ತಲುಪಲಿ, ಅದರ ಒಂದು ಪ್ರತಿ ನಮ್ಮ ಸಂಸದರ ಕೈಗೂ ಸೇರಲಿ.