ಸತ್ತವರಿಗೆ ಪತ್ರ ಯಾಕೆ ಬರೆದಿರಿ ಎಂದು ಕೇಳುವವರಿಗೆ

ಕತೆಗಾರ ಯಶವಂತ ಚಿತ್ತಾಲರು ತೀರಿಕೊಂಡದ್ದು 2014ರ ಮಾರ್ಚಿನಲ್ಲಿ. ನಾನು ಅವರ ‘ಶಿಕಾರಿ’ ಕಾದಂಬರಿ ಓದಿದ್ದು 2016ರ ಮಳೆಗಾಲದಲ್ಲಿ. ಓದಿದ ಮೇಲೆ ಅವರಿಗೊಂದು ಪತ್ರ ಬರೆದೆ. ಇಷ್ಟು ತಿಳಿದವರೆಲ್ಲ ಕೇಳುವುದು ಒಂದೇ: ‘ಸತ್ತವರಿಗೆ ಪತ್ರ ಯಾಕೆ ಬರೆದಿರಿ?’ ಶಿರಸಿಯ ಪೇಟೆಯಲ್ಲಿ, ಬಸ್ಸಿನಲ್ಲಿ, ಊಟದ ಪಂಕ್ತಿಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಅವರಿಗೇ ಹೇಳಬೇಕಾದದ್ದೊಂದಿತ್ತು, ಬರೆದೆ. ಅವರಿಲ್ಲ ಎಂದು ಅದನ್ನು ಬೇರೆ ಯಾರಿಗೋ ಹೇಳಲು ಬರುವುದಿಲ್ಲ. ತೀರಿಹೋದ ಹಿರಿಯರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ, ಅವರಿಗೆ ಇಷ್ಟವಾಗಿದ್ದದ್ದನ್ನೇ ನೆನಪಿಟ್ಟು ಬಡಿಸುವ ಜನ ನಾವು. ಅಲ್ಲಿ ಯಾರೂ ‘ಇದರಿಂದ ಏನು ಉಪಯೋಗ’ ಎನ್ನುವುದಿಲ್ಲ. ನಾನು ಕಾಗದ ಪೆನ್ನು ಹಿಡಿದರೆ ಮಾತ್ರ ಯಾಕೆ ಕೇಳುತ್ತೀರಿ?

ಮದುವೆಯೊಂದರಲ್ಲಿ ಎದುರು ಸಾಲಿನಿಂದ ಒಬ್ಬರು ಕೂಗಿ ಕೇಳಿದರು: ‘ಭಾವ, ನಿಮ್ಮ ಚಿತ್ತಾಲರಿಂದ ಉತ್ತರ ಬಂತೇ?’ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಪ್ಪೆಹುಳಿ ಬಡಿಸುತ್ತಿದ್ದ ಹುಡುಗನೂ ಸೌಟು ಹಿಡಿದುಕೊಂಡೇ ನಕ್ಕ. ಕುಡಿಯಲು ಬೊಗಸೆಯೊಡ್ಡಿದ್ದ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಉತ್ತರಕ್ಕಾಗಿ ಕಾಯಲು ನಾನು ಬರೆದದ್ದು ಅರ್ಜಿಯಲ್ಲ. ನನಗೆ ಬೇಕಾದ ಉತ್ತರ ‘ಶಿಕಾರಿ’ಯಾಗಿ 1979ರಲ್ಲೇ ಅಚ್ಚಾಗಿತ್ತು. ಅದು ಬಂದು ತಲುಪಿತು ಎಂದು ತಿಳಿಸಲು ಬರೆದೆ.

ಪತ್ರದಲ್ಲಿ ಏನಿತ್ತು ಎಂದು ಮಾತ್ರ ಇಂದಿಗೂ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಆಗ ನಾನು ಅಡಿಕೆ ವ್ಯವಹಾರದ ಒಂದು ಕಚೇರಿಯಲ್ಲಿ ದಾಸ್ತಾನು ಪುಸ್ತಕ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಸಹಿ ಹಾಕಿಸಿಕೊಂಡು ಲಕೋಟೆ ಕೊಟ್ಟರು. ‘ವಿಚಾರಣೆ ಮುಗಿಯುವವರೆಗೆ ತಾವು ರಜೆಯ ಮೇಲೆ ತೆರಳತಕ್ಕದ್ದು.’ ಯಾವ ವಿಚಾರಣೆ, ಏನು ತಪ್ಪು, ಒಂದಕ್ಷರವಿಲ್ಲ. ಮನೆಗೆ ಬಂದವನು ನನ್ನ ತಪ್ಪನ್ನು ನಾನೇ ಹುಡುಕತೊಡಗಿದೆ. ನೆಂಟರ ಚಾಲಿ ಅಡಿಕೆಯ ಮೂಟೆಯನ್ನು ಸರದಿ ಬಿಟ್ಟು ತೂಗಿಸಿದ್ದೆನೇ? ಒಣಗಿ ತೂಕ ಇಳಿದದ್ದನ್ನು ಬರೆಯುವಾಗ ತಿದ್ದಿದ ಅಂಕಿಯ ಪಕ್ಕ ಸಹಿ ಬಿಟ್ಟುಹೋಗಿತ್ತೇ? ರಾತ್ರಿ ಎದ್ದು ಕುಳಿತು ಹಳೆಯ ವರ್ಷಗಳನ್ನೆಲ್ಲ ಜಾಲಾಡುತ್ತಿದ್ದೆ. ಹೆಂಡತಿ ಒಂದು ಮಾತೂ ಕೇಳಿರಲಿಲ್ಲ. ಆದರೂ ಅವಳಿಗೆ ಸಮಜಾಯಿಷಿ ಕೊಡುತ್ತಲೇ ಇದ್ದೆ.

‘ಶಿಕಾರಿ’ ಕೈಗೆ ಸಿಕ್ಕಿದ್ದು ಆ ದಿನಗಳಲ್ಲಿ. ಅದರ ನಾಗಪ್ಪ ಮುಂಬಯಿಯ ಕಂಪನಿಯೊಂದರ ಅಧಿಕಾರಿ. ಆರೋಪವೇನೆಂದು ತಿಳಿಸದೆಯೇ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ಅವನೂ ತನ್ನ ಹಿಂದಿನ ಬದುಕನ್ನೆಲ್ಲ ಕೆದಕುತ್ತಾನೆ. ಓದುತ್ತಿದ್ದಂತೆ ನನಗೆ ಬೆವರಿತು. ಆರೋಪ ಹೇಳದಿರುವುದೇ ಬೇಟೆಯ ಬಗೆ. ಮಿಕ್ಕ ಕೆಲಸವನ್ನು ಹೆದರಿದವನೇ ಮಾಡಿಕೊಡುತ್ತಾನೆ. ನಾನು ಮಾಡಿಕೊಡುತ್ತಿದ್ದದ್ದು ಅದನ್ನೇ. ಪುಸ್ತಕ ಮುಗಿಯುವ ಮೊದಲೇ ಎದ್ದು ಕಚೇರಿಗೆ ಬರೆದೆ: ‘ನನ್ನ ಮೇಲಿನ ಆರೋಪವೇನೆಂದು ಲಿಖಿತವಾಗಿ ತಿಳಿಸಿ. ಅಲ್ಲಿಯವರೆಗೆ ಯಾವ ವಿವರಣೆಯನ್ನೂ ಕೊಡುವುದಿಲ್ಲ.’ ಮೇಲಿನವರ ಎದುರು ತಲೆಯೆತ್ತಿ ಮಾತನಾಡಿದವನಲ್ಲ ನಾನು. ಆ ಎರಡು ಸಾಲನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ಬಂದ ರಾತ್ರಿ ನಿದ್ದೆ ಬಂತು. ಮುಂದೆ ನಡೆದದ್ದನ್ನು ಬರೆಯುವುದಿಲ್ಲ. ಅಲ್ಲಿ ದುಡಿದು ಉಣ್ಣುವವರು ಈಗಲೂ ಇದ್ದಾರೆ.

ಚಿತ್ತಾಲರಿಗೆ ಇದನ್ನೇ ಬರೆದೆ, ಜೊತೆಗೆ ಒಂದು ಪ್ರಶ್ನೆಯನ್ನೂ. ಅವರು ನಮ್ಮ ಜಿಲ್ಲೆಯ ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ಕಂಪನಿಯ ನೌಕರಿ ಮಾಡಿದವರು. ‘ಈ ಭಯವನ್ನು ಇಷ್ಟು ಹತ್ತಿರದಿಂದ ಕಂಡು ಬರೆದ ಮೇಲೆ, ಮರುದಿನ ಬೆಳಿಗ್ಗೆ ಹೇಗೆ ಕೆಲಸಕ್ಕೆ ಹೋಗುತ್ತಿದ್ದಿರಿ?’ ಇದನ್ನು ಕೇಳಲು ಅವರಿಲ್ಲವಲ್ಲ ಎಂಬುದು ನನಗೆ ನಿಜವಾದ ದುಃಖ. ಪಂಕ್ತಿಯಲ್ಲಿ ನಕ್ಕವರಿಗೆ ಇದೂ ತಿಳಿದಿರಲಿ.

ಪತ್ರ ಈಗ ಎಲ್ಲಿದೆ ಎನ್ನುವವರಿಗೆ: ಆ ಪುಸ್ತಕದ ಒಳಗೇ ಇದೆ. ಕಚೇರಿಯಿಂದ ಅಂಥ ಲಕೋಟೆ ಬಂದವರು ಯಾರಾದರೂ ಇದ್ದರೆ ಮನೆಗೆ ಬನ್ನಿ, ಪುಸ್ತಕ ಕೊಡುತ್ತೇನೆ. ಪತ್ರವನ್ನೂ ಓದಿಕೊಳ್ಳಿ. ಎರಡನ್ನೂ ಒಟ್ಟಿಗೇ ಮರಳಿಸಬೇಕು.