ಮೋಡ ಕೂಗಲೇ ಇಲ್ಲ

ಚಾರ್ಜರ್ ತರೋಣ ಅಂತ ಕೋಣೆಗೆ ಹೋದವಳಿಗೆ ಕಂಡಿದ್ದು ನನ್ನ ಬೆಕ್ಕು ಮೋಡನ ಹಿಂಗಾಲು ಮತ್ತು ಬಾಲ. ಉಳಿದ ಅರ್ಧ ಮೈ ಕಿಟಕಿಯ ಆಚೆ. ಮೂರನೇ ಮಹಡಿ. ಸೊಳ್ಳೆ ಪರದೆಗೆ ಒರಗಿ ಮಲಗುವುದು ಅವನ ಅಭ್ಯಾಸ. ಅವತ್ತು ಪರದೆಯ ಒಂದು ಮೂಲೆ ಕಿತ್ತುಬಂದಿತ್ತು. ಸೊಂಟ ಹಿಡಿದು ಒಳಕ್ಕೆ ಎಳೆದುಕೊಂಡೆ. ಎಂದಿನಂತೆ ಕೈಕಾಲು ಸಡಿಲ ಬಿಟ್ಟು ನನ್ನ ತೋಳಿನಲ್ಲಿ ಜೋತುಬಿದ್ದ. ಒಂದು ಸಲವೂ ಮಿಯಾಂವ್ ಅನ್ನಲಿಲ್ಲ.

ಮೋಡ ಮತ್ತು ನನ್ನ ಇನ್ನೊಂದು ಬೆಕ್ಕು ಚಂದ್ರಿ ಇಬ್ಬರೂ ರ‍್ಯಾಗ್‌ಡಾಲ್ ತಳಿಯವರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಆನ್ ಬೇಕರ್ ಎಂಬಾಕೆ, ಜೋಸೆಫೀನ್ ಎಂಬ ಉದ್ದ ಕೂದಲಿನ ಬಿಳಿ ಬೆಕ್ಕಿನ ಮರಿಗಳಿಂದ ಈ ತಳಿ ಶುರು ಮಾಡಿದರು. ಎತ್ತಿಕೊಂಡರೆ ಬಟ್ಟೆ ಗೊಂಬೆಯ ಹಾಗೆ ಮೈ ಬಿಡುತ್ತವೆ, ಅದಕ್ಕೇ ಆ ಹೆಸರು. ಇವಕ್ಕೆ ನೋವೇ ಗೊತ್ತಾಗುವುದಿಲ್ಲ ಎಂಬ ಮಾತೂ ಬಹಳ ಹಿಂದಿನಿಂದ ಓಡಾಡುತ್ತಿದೆ. ಅದು ಶುದ್ಧ ಸುಳ್ಳು. ಎಲ್ಲ ಬೆಕ್ಕುಗಳಿಗೆ ಆಗುವಷ್ಟೇ ನೋವು ಇವಕ್ಕೂ ಆಗುತ್ತದೆ. ಹೇಳಿಕೊಳ್ಳುವುದಿಲ್ಲ, ಅಷ್ಟೆ. ಇಂಥ ಸಾಧು ಬೆಕ್ಕು ಸಾಕುವವರು ಅದರ ಪಾಲಿನ ಎಚ್ಚರವನ್ನೂ ತಾವೇ ಇಟ್ಟುಕೊಳ್ಳಬೇಕು ಅಂತ ನನಗೆ ಅರ್ಥವಾಗಿದ್ದು ಆ ಕಿಟಕಿಯ ಹತ್ತಿರ.

ಬೆಕ್ಕು ಹೇಗೆ ಬಿದ್ದರೂ ಕಾಲೂರಿ ನಿಲ್ಲುತ್ತದೆ ಅಂತ ನಂಬಿ ಕೂರಬೇಡಿ. 1987ರಲ್ಲಿ ನ್ಯೂಯಾರ್ಕ್‌ನ ಪಶುವೈದ್ಯರಿಬ್ಬರು, ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಬದುಕಿ ಉಳಿದವೇ ಜಾಸ್ತಿ, ನಿಜ. ಆದರೆ ಎದೆಗೂಡಿಗೆ ಪೆಟ್ಟು, ಮುಖಕ್ಕೆ ಗಾಯ, ಕಾಲು ಮುರಿತ ಏನೂ ತಪ್ಪಿರಲಿಲ್ಲ. ಸೊಳ್ಳೆ ಪರದೆ ಇರುವುದು ಸೊಳ್ಳೆಗೆ. ಏಳು ಕಿಲೋ ಬೆಕ್ಕು ಒರಗಿದರೆ ಅದು ತಡೆಯುವುದಿಲ್ಲ. ನಾನು ಎಲ್ಲ ಕಿಟಕಿಗಳಿಗೂ ಬಾಲ್ಕನಿಗೂ ಸ್ಟೀಲ್ ಜಾಲರಿ ಹಾಕಿಸಿ, ಚೌಕಟ್ಟಿಗೆ ಸ್ಕ್ರೂ ಹೊಡೆಸಿದೆ. ಕೆಲಸ ಮುಗಿದ ಮೇಲೆ ಪ್ರತಿ ಮೂಲೆಯನ್ನೂ ಕೈಯಿಂದ ಜೋರಾಗಿ ತಳ್ಳಿ ನೋಡಿದೆ. ಮೇಲ್ಭಾಗ ಮಾತ್ರ ಓರೆಯಾಗಿ ತೆರೆಯುವ ಕಿಟಕಿ ಇದ್ದರೆ ಇನ್ನೂ ಹುಷಾರು. ಆ ಸಂದಿಯಲ್ಲಿ ಬೆಕ್ಕು ಜಾರಿ ಸಿಕ್ಕಿಕೊಂಡರೆ, ಒದ್ದಾಡಿದಷ್ಟೂ ಕೆಳಕ್ಕೆ ಬಿಗಿಯುತ್ತದೆ.

ಮನೆಯೊಳಗಿನ ಅಪಾಯಗಳು ಇಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಗೆಳತಿಯೊಬ್ಬಳು ಪ್ರೀತಿಯಿಂದ ತಂದ ಹೂಗುಚ್ಛದಲ್ಲಿ ಲಿಲ್ಲಿ ಹೂಗಳಿದ್ದವು. ಬಾಗಿಲಲ್ಲೇ ವಾಪಸ್ ಕೊಟ್ಟೆ. ಅವಳಿಗೆ ಬೇಜಾರಾಯಿತು, ಕಾರಣ ಹೇಳಿದ ಮೇಲೆ ಗಾಬರಿಯಾದಳು. ಲಿಲ್ಲಿಯ ಎಲೆ, ದಳ, ಹೂದಾನಿಯ ನೀರು, ಮೈಗೆ ಅಂಟಿದ ಪರಾಗದ ಪುಡಿ, ಇದರಲ್ಲಿ ಯಾವುದನ್ನು ನೆಕ್ಕಿದರೂ ಬೆಕ್ಕಿನ ಕಿಡ್ನಿ ಕೆಟ್ಟುಹೋಗಬಹುದು. ನಮ್ಮ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಸಾಕು ಅದರ ಜೀವ ತೆಗೆಯಲು. ನಾಯಿಗೆ ಹಚ್ಚುವ ಪರ್ಮೆತ್ರಿನ್ ಇರುವ ಚಿಗಟದ ಔಷಧಿಯೂ ವಿಷವೇ. ಹೊಲಿಗೆ ದಾರ, ರಿಬ್ಬನ್ ನನ್ನ ಮನೆಯಲ್ಲಿ ಮುಚ್ಚಳದ ಡಬ್ಬಿ ಬಿಟ್ಟು ಹೊರಗೆ ಇರುವುದೇ ಇಲ್ಲ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆಗೇ ಬಾಗಿರುತ್ತವೆ. ಬಾಯಿಗೆ ಹೋದ ದಾರ ಒಳಕ್ಕೇ ಹೋಗುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಎಳೆಯಬೇಡಿ, ಕರುಳು ಕೊಯ್ದುಹೋಗಬಹುದು. ಸೀದಾ ಡಾಕ್ಟರ ಹತ್ತಿರ ಹೋಗಿ.

ಮೋಡ ಎರಡನೇ ಸಲ ಸುಮ್ಮನಿದ್ದದ್ದು ಇನ್ನೂ ಭಯದ ಸಂಗತಿ. ಒಂದು ಬೆಳಿಗ್ಗೆ ಲಿಟರ್ ಟ್ರೇಗೆ, ಅಂದರೆ ಅವರ ಮಲಮೂತ್ರಕ್ಕೆ ಇಟ್ಟ ಮರಳಿನ ತಟ್ಟೆಗೆ, ಹೋಗಿ ಕೂತ, ಎದ್ದ, ಮತ್ತೆ ಕೂತ. ಮರಳು ಒಣಗಿಯೇ ಇತ್ತು. ಅಳಲಿಲ್ಲ. ಎತ್ತಿಕೊಂಡರೆ ಅದೇ ಸಡಿಲ ಮೈ. ಆದರೆ ಹೊಟ್ಟೆಯ ಕೆಳಭಾಗ ಗಟ್ಟಿಯಾಗಿತ್ತು. ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆವು. ಮೂತ್ರನಾಳ ಕಟ್ಟಿಕೊಂಡಿತ್ತು. ಡಾಕ್ಟರ್ ನಳಿಕೆ ಹಾಕಿ ಬಿಡಿಸಿದರು. ಗಂಡು ಬೆಕ್ಕಿನ ಮೂತ್ರನಾಳ ಸಪೂರ, ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಸಂಜೆವರೆಗೆ ನೋಡೋಣ ಅಂತ ದಯವಿಟ್ಟು ಕಾಯಬೇಡಿ.

ಆಮೇಲೆ ಮನೆಯಲ್ಲಿ ಕೆಲವು ವ್ಯವಸ್ಥೆ ಬದಲಾದವು. ಎರಡು ಬೆಕ್ಕಿಗೆ ಮೂರು ಟ್ರೇ, ಬೇರೆ ಬೇರೆ ಜಾಗದಲ್ಲಿ. ಅಂಗಡಿಯ ಮಾಮೂಲಿ ಟ್ರೇ ಮೋಡನ ಗಾತ್ರಕ್ಕೆ ಚಿಕ್ಕದು, ಹಾಗಾಗಿ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಟ್ರೇ ಮಾಡಿದೆ. ನೀರಿನ ಬೋಗುಣಿಗಳು ಊಟದ ತಟ್ಟೆಯಿಂದ ದೂರ ಹೋದವು. ಒಣ ಆಹಾರ ಕಡಿಮೆ, ಹಸಿ ಆಹಾರ ಜಾಸ್ತಿ. ತಿಂಗಳಿಗೊಮ್ಮೆ ಇಬ್ಬರನ್ನೂ ತೂಕ ಮಾಡಿ ಬರೆದಿಡುತ್ತೇನೆ. ಹೇಳಿಕೊಳ್ಳದವರ ಆರೋಗ್ಯ ತಿಳಿಯಲು ಆ ಪುಟ್ಟ ನೋಟ್‌ಬುಕ್ ನನಗೆ ತುಂಬಾ ಮುಖ್ಯ.

ಬೇಸರವನ್ನೂ ಇವು ಹೇಳಿಕೊಳ್ಳುವುದಿಲ್ಲ. ಚಂದ್ರಿ ದಿನವಿಡೀ ಸೋಫಾ ಮೇಲೆ ಬಿದ್ದಿರುತ್ತಿದ್ದಳು. ಎಷ್ಟು ಶಾಂತ ಬೆಕ್ಕು ಅಂತ ಬಂದವರೆಲ್ಲ ಹೊಗಳುತ್ತಿದ್ದರು. ಅವಳಿಗೆ ಮಾಡಲು ಕೆಲಸವೇ ಇರಲಿಲ್ಲ, ಪಾಪ. ಬೆಕ್ಕಿಗೆ ಬೇಟೆಯ ಹುಮ್ಮಸ್ಸು ಬರುವುದು ಮುಂಜಾನೆ ಮತ್ತು ಮುಸ್ಸಂಜೆ. ಈಗ ಸಂಜೆ ಹತ್ತು ನಿಮಿಷ ಗರಿ ಕಟ್ಟಿದ ಕೋಲು ಹಿಡಿದು ನೆಲದ ಮೇಲೆ ಕೂರುತ್ತೇನೆ. ಗರಿ ಕುರ್ಚಿಯ ಹಿಂದೆ ಅಡಗಬೇಕು, ನಿಲ್ಲಬೇಕು, ಓಡಬೇಕು. ಕೊನೆಗೆ ಅವಳ ಕೈಗೆ ಸಿಗಲೇಬೇಕು. ಹಿಡಿದ ಕೂಡಲೇ ಊಟ. ಆಟ ಮುಗಿದ ಮೇಲೆ ಕೋಲು ಬೀರುವಿನೊಳಕ್ಕೆ, ಅದರಲ್ಲೂ ದಾರ ಇದೆಯಲ್ವಾ! ಗೋಡೆಗೆ ಹೊಡೆಸಿದ ಹಲಗೆಯ ಮೆಟ್ಟಿಲುಗಳ ಮೇಲೆ ಹತ್ತಿ ಕೂತು ಅವಳು ಈಗ ಇಡೀ ಮನೆಯನ್ನು ನೋಡುತ್ತಾಳೆ. ನಾನು ಕೆಳಗಿನಿಂದ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆದರೆ, ಅವಳೂ ಹಾಗೇ ಮಾಡುತ್ತಾಳೆ.

ಕೂದಲು ಬಾಚುವುದು ಆಟದ ನಂತರವೇ, ದಣಿದಿದ್ದಾಗ. ಕಂಕುಳು, ಹೊಟ್ಟೆ, ಕಿವಿಯ ಹಿಂದೆ ಗಂಟಾಗುತ್ತದೆ. ಗಂಟಿಗೆ ಕತ್ತರಿ ಹಾಕುವುದಿಲ್ಲ, ಅಲ್ಲಿನ ಚರ್ಮ ತೀರಾ ತೆಳು. ಬೆರಳಿನಿಂದಲೇ ಬಿಡಿಸುತ್ತೇನೆ, ಎಷ್ಟು ಹೊತ್ತಾದರೂ ಸರಿ.

ಮೋಡ ಈಗಲೂ ಅದೇ ಕಿಟಕಿಯಲ್ಲಿ ಮಲಗುತ್ತಾನೆ. ಪೂರ್ತಿ ಮೈಭಾರ ಜಾಲರಿಯ ಮೇಲೆ, ಹೊರಗಿನ ಗಾಳಿಗೆ ಮೀಸೆ ಅಲುಗುತ್ತಿರುತ್ತದೆ. ವಾರಕ್ಕೊಮ್ಮೆ ಅವನನ್ನು ಪಕ್ಕಕ್ಕೆ ಸರಿಸಿ ನಾಲ್ಕೂ ಮೂಲೆಯ ಸ್ಕ್ರೂ ಬಿಗಿ ಮಾಡುತ್ತೇನೆ. ಆಗಲೂ ಅವನು ಒಂದು ಮಾತೂ ಆಡುವುದಿಲ್ಲ.